ಹುಬ್ಬಳ್ಳಿಗೆ ಹೋಗ್ರಿ ಅಂದ್ರು... ಮುಂದ?

ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದ ಚಿಕಿತ್ಸೆ ಶುರುವಾಗುವ ದಿನದವರೆಗೆ ಕೊಪ್ಪಳ ಸೀಮೆಯ ಒಂದು ಮನೆಗೆ ಬೇಕಾಗುವುದು ಏನು?

"ಈ ಗಂಟು ಚಲೋ ಕಾಣವಲ್ದು. ತಡ ಮಾಡಬ್ಯಾಡ್ರಿ, ಹುಬ್ಬಳ್ಳಿಗೆ ಹೋಗ್ರಿ."

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಆಸ್ಪತ್ರೆಗಳಲ್ಲಿ ವೈದ್ಯರು ಹೀಗೆ ಹೇಳಿದರೆ ಅದು ಸರಿಯಾದ ಸಲಹೆಯೇ. ಆದರೆ ಚೀಟಿ ಹಿಡಿದು ಹೊರಗೆ ಬಂದ ಮನೆಯವರಿಗೆ ಪ್ರಶ್ನೆಗಳು ಅಲ್ಲಿಂದಲೇ ಶುರು. ಹುಬ್ಬಳ್ಳಿಯಲ್ಲಿ ಎಲ್ಲಿಗೆ ಹೋಗಬೇಕು? ಯಾರನ್ನು ಕಾಣಬೇಕು? ರೇಷನ್ ಕಾರ್ಡು ನಡೆಯುತ್ತದೋ ಇಲ್ಲವೋ? ಎಷ್ಟು ದಿನ ಇರಬೇಕಾಗುತ್ತದೆ? ಜೊತೆಗೆ ಹೋದವರ ಕೂಲಿಯ ಗತಿಯೇನು? ಹೊಲದಲ್ಲಿ ನಿಂತ ಕಡಲೆ ಕೀಳುವವರು ಯಾರು? ಇವಕ್ಕೆ ಉತ್ತರ ಸಿಗದೆ ವಾರ ಕಳೆಯುತ್ತದೆ, ತಿಂಗಳು ಕಳೆಯುತ್ತದೆ. ನಡುವೆ ಯಾರೋ ನಾಟಿ ಔಷಧದ ವಿಳಾಸ ಕೊಡುತ್ತಾರೆ, ಇನ್ಯಾರೋ ದೇವರ ಹೇಳಿಕೆ ಕೇಳಲು ಕರೆದೊಯ್ಯುತ್ತಾರೆ. ಗಂಟು ಮಾತ್ರ ಯಾರಿಗೂ ಕಾಯುವುದಿಲ್ಲ.

ಕ್ಯಾನ್ಸರ್ ಚಿಕಿತ್ಸೆಗೆ ಆಸ್ಪತ್ರೆ ಬೇಕು, ಔಷಧ ಬೇಕು, ಹಣ ಬೇಕು. ಈ ಮೂರೂ ಇಂದು ರಾಜ್ಯದಲ್ಲಿ ಹಿಂದಿಗಿಂತ ಹೆಚ್ಚಿವೆ. ಇವನ್ನು ಒಬ್ಬ ರೋಗಿಯ ಮನೆಗೆ ಜೋಡಿಸಿಕೊಡುವ ಮನುಷ್ಯ ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ರೋಗಿಯ ಹೆಸರು, ಊರು, ಕಾಯಿಲೆ, ಕಿಸೆ ನಾಲ್ಕನ್ನೂ ಬಲ್ಲ, ಫೋನ್ ಮಾಡಿದರೆ ಎತ್ತುವ ಒಬ್ಬ ಮಾರ್ಗದರ್ಶಿ ಇದ್ದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಹಾರ್ಲೆಮ್‌ನಿಂದ ಮುಂಬೈವರೆಗೆ

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಈ ಕೆಲಸವನ್ನು ಒಂದು ಹುದ್ದೆಯಾಗಿ ರೂಪಿಸಿದವರು ಅಮೆರಿಕದ ಶಸ್ತ್ರಚಿಕಿತ್ಸಕ ಡಾ. ಹೆರಾಲ್ಡ್ ಫ್ರೀಮನ್. ನ್ಯೂಯಾರ್ಕಿನ ಬಡ ಬಡಾವಣೆ ಹಾರ್ಲೆಮ್‌ನ ಆಸ್ಪತ್ರೆಗೆ ಸ್ತನ ಕ್ಯಾನ್ಸರ್‌ನ ಹೆಣ್ಣುಮಕ್ಕಳು ಬರುತ್ತಿದ್ದದ್ದೇ ತಡವಾಗಿ. ಬಂದವರಲ್ಲೂ ಅನೇಕರು ಹಣ, ಕಾಗದಪತ್ರ, ಭಯ, ಮನೆಗೆಲಸಗಳಿಂದಾಗಿ ನಡುವೆಯೇ ಕಳೆದುಹೋಗುತ್ತಿದ್ದರು. 1990ರಲ್ಲಿ ಫ್ರೀಮನ್ ಅಂಥವರ ಬೆನ್ನಿಗೆ ನಿಂತು ಕೊನೆತನಕ ದಾರಿ ತೋರುವ ಜನರನ್ನು ನೇಮಿಸಿದರು. ಕಡಿಮೆ ಖರ್ಚಿನ ತಪಾಸಣೆಯೂ ಇದರ ಜೊತೆಗೂಡಿತು. ಮೊದಲು ಅಲ್ಲಿನ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಐದು ವರ್ಷ ಬದುಕುಳಿಯುತ್ತಿದ್ದವರು ಶೇ 39. ನಂತರದ ವರ್ಷಗಳಲ್ಲಿ ಅದು ಶೇ 70ಕ್ಕೆ ಏರಿತು.

ನಮ್ಮ ದೇಶದಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಸೆಂಟರ್, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಜೊತೆಗೂಡಿ ಇದೇ ಕೆಲಸಕ್ಕೆ ಜನರನ್ನು ತಯಾರು ಮಾಡುವ ಕೋರ್ಸ್ ನಡೆಸುತ್ತಿದೆ. ಅದರ ಹೆಸರು 'ಕೇವಟ್'. ರಾಮನನ್ನು ಹೊಳೆ ದಾಟಿಸಿದ ಅಂಬಿಗನ ಹೆಸರದು. ಆನೆಗೊಂದಿಯ ಹರಿಗೋಲು ಕಂಡ ನಮ್ಮ ಗಂಗಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತುಂಗಭದ್ರೆಯಲ್ಲಿ ಸುಳಿ ಎಲ್ಲಿ, ಬಂಡೆ ಎಲ್ಲಿ ಎಂದು ಹುಟ್ಟು ಹಾಕುವವನಿಗೆ ಗೊತ್ತು, ಕೂತವರಿಗಲ್ಲ.

ಈ ನೆಲದಲ್ಲೇ ಕಂಡ ಪಾಠ

ದೂರದ ಉದಾಹರಣೆ ಯಾಕೆ, ಕಲ್ಯಾಣ ಕರ್ನಾಟಕದ್ದೇ ಒಂದಿದೆ. ಬಡವರ ದೊಡ್ಡ ಕಾಯಿಲೆಗಳಿಗಾಗಿ ರಾಜ್ಯ ಸರ್ಕಾರ ತಂದ 'ವಾಜಪೇಯಿ ಆರೋಗ್ಯಶ್ರೀ' ಯೋಜನೆ 2010ರಲ್ಲಿ ಮೊದಲು ಜಾರಿಗೆ ಬಂದದ್ದು ಅಂದಿನ ಗುಲ್ಬರ್ಗ ವಿಭಾಗದಲ್ಲಿ. ಕೊಪ್ಪಳವೂ ಅದರೊಳಗಿತ್ತು. ಹೃದ್ರೋಗ, ಮೂತ್ರಪಿಂಡದ ಕಾಯಿಲೆಗಳ ಜೊತೆ ಕ್ಯಾನ್ಸರ್ ಕೂಡ ಅದರ ಪಟ್ಟಿಯಲ್ಲಿತ್ತು. ಹಣ ಕೊಟ್ಟು ಸುಮ್ಮನಾಗದೆ, ಹಳ್ಳಿಗಳ ಕಡೆ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸುವುದು, 'ಆರೋಗ್ಯಮಿತ್ರ'ರ ಮೂಲಕ ದೊಡ್ಡ ಆಸ್ಪತ್ರೆಗೆ ತಲುಪಿಸುವುದು ಯೋಜನೆಯ ಭಾಗವೇ ಆಗಿತ್ತು.

ಸಂಶೋಧಕರು ಯೋಜನೆ ಇದ್ದ ಮತ್ತು ಇನ್ನೂ ಬಾರದಿದ್ದ ಪ್ರದೇಶಗಳ ಗಡಿಯ ಎರಡೂ ಬದಿಯ 572 ಹಳ್ಳಿಗಳನ್ನು ಹೋಲಿಸಿ ನೋಡಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಈ ಕಾಯಿಲೆಗಳಿಂದಾದ ಸಾವಿನ ಪ್ರಮಾಣ ಶೇ 0.32, ಇಲ್ಲದ ಕಡೆ ಶೇ 0.90. ಹಣದ ಜೊತೆಗೆ ಕೈಹಿಡಿದು ಕರೆದೊಯ್ಯುವ ವ್ಯವಸ್ಥೆ ಸೇರಿದಾಗ ಏನಾಗಬಹುದು ಎಂಬುದಕ್ಕೆ ಇದು ನಮ್ಮದೇ ಪುರಾವೆ.

ಆ ಯೋಜನೆ ಇಂದು 'ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ'ದಲ್ಲಿ ಸೇರಿಹೋಗಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ, ವರ್ಷಕ್ಕೆ 1.5 ಲಕ್ಷ ರೂಪಾಯಿಯ ಮಿತಿಯಲ್ಲಿ. ಆರೋಗ್ಯಮಿತ್ರರ ಹುದ್ದೆ ಈಗಲೂ ಇದೆ, ಯೋಜನೆಯ ಆಸ್ಪತ್ರೆಗಳಲ್ಲಿ ಅವರ ಕೌಂಟರ್ ಇರುತ್ತದೆ. ಸಮಸ್ಯೆ ಎಂದರೆ, ಆ ಕೌಂಟರ್ ಆಸ್ಪತ್ರೆಯ ಒಳಗಿದೆ. ಯಲಬುರ್ಗಾದ ಹಳ್ಳಿಯಿಂದ ಆ ಕೌಂಟರ್‌ವರೆಗಿನ ದಾರಿ ತೋರಿಸುವವರು ಬೇರೆಯೇ ಬೇಕು.

ಚೀಟಿ, ಕಾಗದ, ಬಸ್ಸು, ರೈಲು

ಯೋಜನೆಯಲ್ಲಿ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮುಖ್ಯ. ಇದು ಗೊತ್ತಿಲ್ಲದೆ ನೇರವಾಗಿ ದೊಡ್ಡ ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾದವರು ಆಮೇಲೆ ಬಿಲ್ಲಿನ ಮುಂದೆ ಕಂಗಾಲಾಗುತ್ತಾರೆ. ಆದ್ದರಿಂದ ಮೊದಲ ನಿಲ್ದಾಣ ತಾಲ್ಲೂಕು ಆಸ್ಪತ್ರೆ ಅಥವಾ ಕೊಪ್ಪಳದ ಜಿಲ್ಲಾ ಆಸ್ಪತ್ರೆ. ಜಿಲ್ಲಾ ಆಸ್ಪತ್ರೆಯೀಗ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯೂ ಹೌದು. ಹೋಗಲಿರುವ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ಹೊರಡುವ ಮೊದಲೇ ಕೇಳಿಕೊಳ್ಳಬೇಕು. ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು.

ಚೀಲದಲ್ಲಿ ಇರಬೇಕಾದವು: ರೇಷನ್ ಕಾರ್ಡು, ಆಧಾರ್, ರೆಫರಲ್ ಚೀಟಿ, ಈವರೆಗಿನ ಎಲ್ಲ ವರದಿಗಳು, ಸ್ಕ್ಯಾನಿಂಗ್ ಫಿಲ್ಮುಗಳು. ಬಯಾಪ್ಸಿ, ಅಂದರೆ ತುಣುಕು ತೆಗೆದು ಮಾಡುವ ಪರೀಕ್ಷೆ ಆಗಿದ್ದರೆ ವರದಿಯ ಹಾಳೆಯಷ್ಟೇ ಸಾಲದು. ಗಾಜಿನ ಸ್ಲೈಡು ಮತ್ತು ತುಣುಕನ್ನು ಕಾಪಿಟ್ಟ ಮೇಣದ ಬ್ಲಾಕನ್ನು ಲ್ಯಾಬಿನಿಂದ ಕೇಳಿ ಪಡೆಯಬೇಕು. ದೊಡ್ಡ ಆಸ್ಪತ್ರೆಯವರು ಅವನ್ನು ಮತ್ತೆ ಪರೀಕ್ಷಿಸುತ್ತಾರೆ. ಇವು ಇಲ್ಲವೆಂದು ಹುಬ್ಬಳ್ಳಿಯಿಂದ ಮರಳಿ ಕೊಪ್ಪಳಕ್ಕೆ ಬಂದು ಹೋಗುವುದೆಂದರೆ ಎರಡು ದಿನ, ಇಬ್ಬರ ಕೂಲಿ.

ಈ ಭಾಗದವರಿಗೆ ಹತ್ತಿರದ ದೊಡ್ಡ ಆಸರೆ ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ಕ್ಯಾನ್ಸರ್ ಥೆರಪಿ ಮತ್ತು ಸಂಶೋಧನಾ ಸಂಸ್ಥೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ರಾಜ್ಯ ಸರ್ಕಾರದ ಮುಖ್ಯ ಕ್ಯಾನ್ಸರ್ ಆಸ್ಪತ್ರೆ. ಕಲಬುರಗಿಯಲ್ಲೂ ಅದರ ಕೇಂದ್ರವಿದೆ. ಕೊಪ್ಪಳದಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ಮೇಲಿದೆ, ಬೆಂಗಳೂರು ಸುಮಾರು 350. ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳದಿಂದ ನೇರ ಬೆಂಗಳೂರಿಗೆ ಒಯ್ಯುತ್ತದೆ. ಗಂಗಾವತಿಗೆ ರೈಲು ಬಂದಿದೆ. ಗದಗ–ವಾಡಿ ಮಾರ್ಗದ ಕೆಲಸ ಮುಂದುವರಿದು 2025ರಲ್ಲಿ ಕುಷ್ಟಗಿಗೂ ಹುಬ್ಬಳ್ಳಿಯ ರೈಲು ಬಂತು.

ಕ್ಯಾನ್ಸರ್ ರೋಗಿಗಳಿಗೆ ರೈಲ್ವೆ ಕೊಡುವ ರಿಯಾಯಿತಿ ಅನೇಕರಿಗೆ ತಿಳಿದೇ ಇಲ್ಲ. ಚಿಕಿತ್ಸೆಗೆ ಅಥವಾ ಮರುತಪಾಸಣೆಗೆ ಹೋಗುವ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆಯ ಎಸಿಯಲ್ಲಿ ಪೂರ್ತಿ ಉಚಿತ; ಜೊತೆಗೆ ಹೋಗುವ ಒಬ್ಬರಿಗೆ ಅದೇ ದರ್ಜೆಗಳಲ್ಲಿ ಶೇ 75 ಕಡಿತ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬರೆಸಿಕೊಂಡು ಕೌಂಟರಿನಲ್ಲಿ ಟಿಕೆಟ್ ತೆಗೆಯಬೇಕು. ಹೆಣ್ಣುಮಕ್ಕಳಿಗಾದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಬೆಂಗಳೂರಿನಲ್ಲಿ ಉಳಿಯುವ ಚಿಂತೆ ಇದ್ದವರು ಕಿದ್ವಾಯಿ ಆವರಣದ ಧರ್ಮಶಾಲೆಯ ಬಗ್ಗೆ ಅಲ್ಲಿನ ಸಮಾಜ ಕಾರ್ಯಕರ್ತರನ್ನು ಕೇಳಬೇಕು. ಕೇಳಿದವರಿಗೆ ಮಾತ್ರ ಸಿಗುವ ಸೌಲಭ್ಯಗಳು ಇವು.

ಒಂದೇ ಹೆಸರಿನ ಕಾಯಿಲೆ, ಬೇರೆ ಬೇರೆ ದಾರಿ

ಎಲ್ಲರಿಗೂ ಒಂದೇ ಕರಪತ್ರ ಹಂಚಿದರೆ ಮಾರ್ಗದರ್ಶನ ಆಗುವುದಿಲ್ಲ. ಈ ಸೀಮೆಯ ಮೂರು ಮನೆಗಳನ್ನು ಊಹಿಸಿಕೊಳ್ಳಿ.

ಮೊದಲನೆಯದು ಗಂಗಾವತಿಯ ಅಕ್ಕಿ ಗಿರಣಿಯ ಹಮಾಲನ ಮನೆ. ವರ್ಷಗಟ್ಟಲೆ ತಂಬಾಕು ಜಗಿದ ಬಾಯಿಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ತಂಬಾಕು ಮತ್ತು ಅಡಿಕೆ ಬೇರೆ ಬೇರೆ ಚೀಟಿಯಲ್ಲಿ ಬಾಯಿ ಸೇರುವುದು ನಿಂತಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಅವನಿಗೆ ನಮ್ಮವರು 'ಕರೆಂಟ್ ಕೊಡೋದು' ಎನ್ನುವ ವಿಕಿರಣ ಚಿಕಿತ್ಸೆ ಬೇಕಾಗಬಹುದು. ವಾರಕ್ಕೆ ಐದು ದಿನ, ಸುಮಾರು ಆರು ವಾರ. ಹೆಸರೇನೇ ಇರಲಿ, ಅದರಲ್ಲಿ ವಿದ್ಯುತ್ ಹಾಯಿಸುವುದಿಲ್ಲ. ಎಕ್ಸ್‌ರೇಯಂತೆ ಆ ಹೊತ್ತಿಗೆ ನೋವೂ ಇರುವುದಿಲ್ಲ. ಶುರುವಾಗುವ ಮೊದಲು ಹಲ್ಲಿನ ವೈದ್ಯರ ತಪಾಸಣೆ ಆಗಬೇಕು. ನಡುವಿನಲ್ಲಿ ಬಾಯಿ ಹುಣ್ಣಾಗುವುದರಿಂದ ರೊಟ್ಟಿ–ಖಾರ ಬಿಟ್ಟು ಮೆತ್ತಗಿನ ನುಚ್ಚು, ಗಂಜಿ, ಮೊಸರು, ಬೇಳೆಕಟ್ಟು, ಮೊಟ್ಟೆಯಂಥದ್ದಕ್ಕೆ ಹೊರಳಬೇಕು. ದವಡೆ ಬಿಗಿಯದಂತೆ ದಿನವೂ ಬಾಯಿ ತೆರೆಯುವ ವ್ಯಾಯಾಮ ಮಾಡಬೇಕು. ಕುತ್ತಿಗೆಯ ಶಸ್ತ್ರಚಿಕಿತ್ಸೆಯ ಮೇಲೆ ಭುಜ ಸೋತರೆ ಮತ್ತೆ ಮೂಟೆ ಹೊರುವುದು ಕಷ್ಟ. ಅಂದರೆ ಅವನಿಗೆ ಬೇರೆ ಕೆಲಸದ ಯೋಚನೆಯೂ ಚಿಕಿತ್ಸೆಯ ಭಾಗವೇ. ತಂಬಾಕು ಬಿಡಲು 1800-112-356 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿ ಇದೆ, ಕರೆ ಉಚಿತ.

ಎರಡನೆಯದು ಯಲಬುರ್ಗಾದ ನಡುವಯಸ್ಸಿನ ಹೆಣ್ಣುಮಗಳು. ಎದೆಯಲ್ಲಿ ನೋವಿಲ್ಲದ ಗಂಟು. ನೋವಿಲ್ಲವೆಂದೇ ಆಕೆ ಸುಮ್ಮನಿದ್ದಾಳೆ, ಗಂಡಸು ಡಾಕ್ಟರಿಗೆ ತೋರಿಸಲು ಸಂಕೋಚವೂ ಇದೆ. ಆಕೆಗೆ ಮೊದಲು ಬೇಕಾದವರು ಆಶಾ ಕಾರ್ಯಕರ್ತೆಯಂಥ ಇನ್ನೊಬ್ಬ ಹೆಣ್ಣುಮಗಳು. ಬೇಗ ಹೋದರೆ ಅನೇಕರಲ್ಲಿ ಸ್ತನವನ್ನು ಪೂರ್ತಿ ತೆಗೆಯದೆ ಗಂಟನ್ನಷ್ಟೇ ತೆಗೆಯಲು ಸಾಧ್ಯ ಎಂದು ಆಕೆಗೆ ಯಾರಾದರೂ ಹೇಳಬೇಕು. ಕಿಮೋ ಎಂಬ ಔಷಧ ಚಿಕಿತ್ಸೆಯಿಂದ ಉದುರಿದ ಕೂದಲು ಮತ್ತೆ ಬರುತ್ತದೆ ಎಂಬುದನ್ನೂ. ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಆ ಕೈ ಬಾವು ಬರದಂತೆ ವ್ಯಾಯಾಮ ಕಲಿಯಬೇಕು, ಹತ್ತಿ ಬಿಡಿಸುವಾಗ ಆ ಕೈಗೆ ಗಾಯವಾಗದಂತೆ ನೋಡಿಕೊಳ್ಳಬೇಕು. ಕೆಲವರಿಗೆ ಹಾರ್ಮೋನ್ ಮಾತ್ರೆ ಐದು ವರ್ಷ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಕಾಲ ಬೇಕು. 'ಈಗ ಆರಾಮದೀನಿ' ಎಂದು ನಡುವೆ ಬಿಟ್ಟರೆ ಕಾಯಿಲೆ ಮರಳುವ ಅಪಾಯ ಹೆಚ್ಚುತ್ತದೆ.

ಮೂರನೆಯದು ಕುಷ್ಟಗಿಯಿಂದ ಗುಳೆ ಹೋದ ಕುಟುಂಬದ ಮಗು. ರಕ್ತದ ಕ್ಯಾನ್ಸರ್. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯದು ಪೂರ್ತಿ ಚಿಕಿತ್ಸೆ ಸಿಕ್ಕರೆ ಬಹುಪಾಲು ವಾಸಿಯಾಗುವಂಥದ್ದು, ಆದರೆ ಚಿಕಿತ್ಸೆ ಎರಡರಿಂದ ಮೂರು ವರ್ಷ ಹಿಡಿಯುತ್ತದೆ. ಮಗು ಚೇತರಿಸಿಕೊಂಡಂತೆ ಕಂಡೊಡನೆ ಊರಿಗೆ ಮರಳುವುದು, ಕೆಲಸದ ಜಾಗ ಬದಲಾಗಿ ಆಸ್ಪತ್ರೆಯ ಸಂಪರ್ಕ ಕಡಿದುಹೋಗುವುದು ಇಲ್ಲಿ ದೊಡ್ಡ ಶತ್ರು. ತಪ್ಪಿಸಿಕೊಂಡ ತಾರೀಖಿನ ಮರುದಿನವೇ ಫೋನ್ ಮಾಡಿ "ಯಾಕ ಬರಲಿಲ್ಲ?" ಎಂದು ಕೇಳುವ ಒಬ್ಬರಿದ್ದರೆ ಆ ಮಗು ಉಳಿಯುತ್ತದೆ. ಗುಳೆ ಹೋಗುವವರು ರೇಷನ್ ಕಾರ್ಡು, ಆಯುಷ್ಮಾನ್ ಕಾರ್ಡುಗಳನ್ನು ಊರಲ್ಲಿ ಬಿಟ್ಟು ಹೋಗಬಾರದು. ಯೋಜನೆಗೆ ಜಿಲ್ಲೆಯ ಗಡಿ ಅಡ್ಡಬರುವುದಿಲ್ಲ.

ಈ ಮೂವರಲ್ಲಿ ಕಿಮೋ ಪಡೆಯುವ ಯಾರಿಗಾದರೂ ತಪ್ಪದೆ ಹೇಳಬೇಕಾದ ಮಾತೊಂದಿದೆ. ಕಿಮೋ ನಂತರದ ದಿನಗಳಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರವನ್ನು ಮನೆಯಲ್ಲಿ ಮಾತ್ರೆ ನುಂಗಿ ಕಾಯಬಾರದು. ರಕ್ತದ ಬಿಳಿಕಣಗಳು ಇಳಿದಿರುವಾಗ ಸೋಂಕು ಗಂಟೆಗಳಲ್ಲಿ ಜೀವಕ್ಕೆ ಬರುತ್ತದೆ. ರಾತ್ರಿಯಾದರೂ ಸರಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ "ಕಿಮೋ ಆಗೇತ್ರಿ" ಎಂದು ಮೊದಲೇ ಹೇಳಬೇಕು. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲೇಬೇಕು.

"ಅವ್ವಗ ಹೇಳಬ್ಯಾಡ್ರಿ"

ನಮ್ಮ ಮನೆಗಳಲ್ಲಿ ಈ ಕಾಯಿಲೆಯ ಹೆಸರೇ ಬಾಯಿಗೆ ಬರುವುದಿಲ್ಲ. 'ದೊಡ್ಡ ಜಡ್ಡು' ಎನ್ನುತ್ತಾರೆ, ಇಲ್ಲವೇ ದನಿ ಇಳಿಸುತ್ತಾರೆ. ವೈದ್ಯರ ಕೋಣೆಗೆ ಮೊದಲು ಮಗ ಹೋಗಿ "ಅವ್ವಗ ಹೇಳಬ್ಯಾಡ್ರಿ ಸರ್" ಎಂದು ಕೈಮುಗಿಯುತ್ತಾನೆ. ಪ್ರೀತಿಯಿಂದಲೇ. ಆದರೆ ವಾರ್ಡಿನ ಬೋರ್ಡು, ಪಕ್ಕದ ಹಾಸಿಗೆಯವರ ಮಾತು, ಉದುರುವ ಕೂದಲು ಅವ್ವನಿಗೆ ಎಲ್ಲವನ್ನೂ ಹೇಳುತ್ತವೆ. ಆಮೇಲೆ ಅವ್ವ ಮಕ್ಕಳಿಗಾಗಿ ಗೊತ್ತಿಲ್ಲದಂತೆ ನಟಿಸುತ್ತಾಳೆ, ಮಕ್ಕಳು ಅವ್ವನಿಗಾಗಿ ನಟಿಸುತ್ತಾರೆ, ಇಬ್ಬರೂ ಒಂಟಿಯಾಗುತ್ತಾರೆ. ಎಷ್ಟು ತಿಳಿಯಬೇಕೆಂದು ಆಕೆಯನ್ನೇ ಕೇಳುವುದು ಒಳ್ಳೆಯ ದಾರಿ. "ಡಾಕ್ಟ್ರ ಕೂಡ ನೀನೂ ಮಾತಾಡ್ತಿಯೇನವ್ವಾ, ನಾವಷ್ಟ ಮಾತಾಡೋಣೇನು?" ಎಂಬ ಒಂದು ಮಾತು ಸಾಕು.

ತಾಟು–ತಂಬಿಗೆ ಬೇರೆ ಇಡುವ ಮನೆಗಳೂ ಇವೆ. ಕ್ಯಾನ್ಸರ್ ಮುಟ್ಟಿದರೆ, ಜೊತೆಗೆ ಉಂಡರೆ ಹರಡುವುದಿಲ್ಲ. ತುಣುಕು ಪರೀಕ್ಷೆ ಮಾಡಿಸಿದರೆ ಹಬ್ಬುತ್ತದೆ ಎಂಬ ಭಯದಿಂದ ಪರೀಕ್ಷೆಯನ್ನೇ ಬಿಟ್ಟವರು ಅಮೂಲ್ಯ ತಿಂಗಳು ಕಳೆದುಕೊಳ್ಳುತ್ತಾರೆ; ಆ ಪರೀಕ್ಷೆ ಇಲ್ಲದೆ ಯಾವ ಔಷಧ ಎಂಬುದೇ ತೀರ್ಮಾನವಾಗದು. ಬೇರು–ತೊಗಟೆಯ ಔಷಧ ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬಾರದು. ಮನಸ್ಸು ಕುಸಿದಾಗ, ರೋಗಿಗಾಗಲಿ ಆರೈಕೆ ಮಾಡುವವರಿಗಾಗಲಿ, 'ಟೆಲಿ ಮಾನಸ್' ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಸಿಗುತ್ತದೆ. ಆರೈಕೆ ಮಾಡುವವರು ಬಹುಪಾಲು ಮನೆಗಳಲ್ಲಿ ಸೊಸೆ ಅಥವಾ ಮಗಳು. ಆಕೆ ಉಂಡಳೇ ಎಂದು ಕೇಳುವವರಿರುವುದಿಲ್ಲ.

ವಾಸಿಯಾಗದಿದ್ದರೂ ಮಾಡುವುದು ಉಳಿದಿರುತ್ತದೆ

"ಇನ್ನ ಮಾಡೋದು ಏನೂ ಇಲ್ಲ, ಮನಿಗೆ ಕರ್ಕೊಂಡು ಹೋಗ್ರಿ" ಎಂಬ ಮಾತು ಅರ್ಧ ಸತ್ಯ. ಕಾಯಿಲೆಯನ್ನು ತೆಗೆಯಲಾಗದಿದ್ದರೂ ನೋವು, ವಾಂತಿ, ಉಸಿರಾಟದ ಕಷ್ಟ, ಹುಣ್ಣಿನ ವಾಸನೆ ಕಡಿಮೆ ಮಾಡಬಹುದು. ಇದಕ್ಕೆ ಉಪಶಾಮಕ ಆರೈಕೆ ಎನ್ನುತ್ತಾರೆ. ಕ್ಯಾನ್ಸರಿನ ತೀವ್ರ ನೋವಿಗೆ ಬಾಯಿಂದ ನುಂಗುವ ಮಾರ್ಫಿನ್ ಮಾತ್ರೆ ಹಳೆಯ, ಅಗ್ಗದ, ನಂಬಿಕೆಯ ಔಷಧ. ವೈದ್ಯರ ಅಳತೆಯಲ್ಲಿ ನೋವಿಗೆ ಕೊಟ್ಟಾಗ ಅದು ಚಟವಾಗುವುದು ತೀರ ಅಪರೂಪ. ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು, ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳುವ ದಾರಿಯನ್ನು ಸುಲಭ ಮಾಡಲಾಗಿದೆ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಆದರೆ ಕೊಪ್ಪಳದ ಅಜ್ಜನಿಗೆ ಕೊನೆಯ ದಿನಗಳು ತನ್ನ ಪಡಸಾಲೆಯಲ್ಲೇ ಬೇಕು. ಅಲ್ಲಿಗೆ ಮಾರ್ಫಿನ್ ಮತ್ತು ಒಬ್ಬ ನರ್ಸ್ ತಲುಪುವಂತೆ ಮಾಡುವುದು ಜಿಲ್ಲೆಯ ಹೊಣೆ.

ಜಿಲ್ಲೆಯಲ್ಲಿ ಆಗಬಹುದಾದದ್ದು

ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ 14.6 ಲಕ್ಷ ಹೊಸ ಕ್ಯಾನ್ಸರ್ ರೋಗಿಗಳು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಂದಾಜಿಸಿತ್ತು. 2011ರ ಜನಗಣತಿಯಲ್ಲೇ ಸುಮಾರು 13.9 ಲಕ್ಷ ಜನರಿದ್ದ ಕೊಪ್ಪಳ ಜಿಲ್ಲೆ ಇದರಿಂದ ಹೊರತಲ್ಲ. ಒಳ್ಳೆಯ ಸುದ್ದಿಯೂ ಇದೆ. 2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಹೊತ್ತಿನ ಕಿಮೋ ಕೇಂದ್ರಗಳನ್ನು ಆರಂಭಿಸಿತು. ಮೂರು ವರ್ಷಗಳಲ್ಲಿ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಿಗೂ ಇಂಥವನ್ನು ತರುವುದಾಗಿ ಅದೇ ವರ್ಷದ ಕೇಂದ್ರ ಬಜೆಟ್ ಹೇಳಿತು. 'ಗೃಹ ಆರೋಗ್ಯ' ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಲಕ್ಷಣಗಳನ್ನು ವಿಚಾರಿಸುವ ಏರ್ಪಾಡಿದೆ. ತಪಾಸಣೆ ಹೆಚ್ಚಿದಷ್ಟೂ ಗಂಟು ಸಿಕ್ಕವರ ಸಂಖ್ಯೆ ಹೆಚ್ಚುತ್ತದೆ, 'ಮುಂದ?' ಎಂಬ ಪ್ರಶ್ನೆಯೂ ಹೆಚ್ಚುತ್ತದೆ.

ಹಾಗಾಗಿ ಬೇಡಿಕೆ ಸರಳ. ಕೊಪ್ಪಳ ಜಿಲ್ಲಾ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಮಾರ್ಗದರ್ಶನಕ್ಕೆಂದೇ ಒಂದು ಮೇಜು, ತರಬೇತಿ ಪಡೆದ ಒಬ್ಬರು, ಒಂದು ಫೋನ್, ಒಂದು ವಹಿ. ಗಂಗಾವತಿ, ಕುಷ್ಟಗಿ, ಯಲಬುರ್ಗಾದಿಂದ ಅನುಮಾನದ ಗಂಟು ಬಂದ ಪ್ರತಿಯೊಬ್ಬರ ಹೆಸರೂ ಆ ವಹಿಯಲ್ಲಿ ಬರಬೇಕು, ಚಿಕಿತ್ಸೆ ಶುರುವಾಯಿತೇ ಎಂದು ಹದಿನೈದು ದಿನಕ್ಕೊಮ್ಮೆ ಕೇಳಬೇಕು. ಕಟ್ಟಡ ಬೇಡ, ಯಂತ್ರ ಬೇಡ. ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆಂದು ಬರುವ ವಿಶೇಷ ಅನುದಾನದಲ್ಲಿ ಒಬ್ಬರ ಸಂಬಳ ದೊಡ್ಡ ಬಾಬತ್ತಲ್ಲ. ಕಾಯಿಲೆ ಗೆದ್ದು ಬಂದವರು ಜಿಲ್ಲೆಯಲ್ಲೇ ಇದ್ದಾರೆ. ಅವರನ್ನು ಆ ಮೇಜಿನ ಪಕ್ಕ ಕೂರಿಸಿದರೆ ಹೊಸಬರಿಗೆ ಸಿಗುವ ಧೈರ್ಯವನ್ನು ಯಾವ ಭಾಷಣವೂ ಕೊಡಲಾರದು. ಕೋವಿಡ್‌ನ ಎರಡನೇ ಅಲೆಯಲ್ಲಿ ಕೊಪ್ಪಳದ ಗವಿಮಠ ತನ್ನ ಕಟ್ಟಡವನ್ನೇ ಆಸ್ಪತ್ರೆಯಾಗಿಸಿದ ಜಿಲ್ಲೆ ಇದು. ಮನಸ್ಸು ಮಾಡಿದರೆ ಆಗದ್ದಲ್ಲ.

ಅಲ್ಲಿಯವರೆಗೆ ಓದುಗರು ಒಂದು ಕೆಲಸ ಮಾಡಬಹುದು. ನಿಮ್ಮ ಓಣಿಯಲ್ಲಿ ಯಾರಿಗಾದರೂ 'ಹುಬ್ಬಳ್ಳಿಗೆ ಹೋಗ್ರಿ' ಎಂಬ ಚೀಟಿ ಸಿಕ್ಕಿದ್ದರೆ ಮಾತಾಡಿಸಿ ಬರುವುದಷ್ಟೇ ಸಾಲದು. ಒಂದು ನೋಟ್‌ಬುಕ್ ಹಿಡಿದು ಮೊದಲ ಸಲ ಅವರ ಜೊತೆ ಹೋಗಿ. ವೈದ್ಯರನ್ನು ಈ ಪ್ರಶ್ನೆಗಳನ್ನು ಕೇಳಿ ಉತ್ತರ ಬರೆದುಕೊಳ್ಳಿ: ಯಾವ ಕ್ಯಾನ್ಸರ್, ಯಾವ ಹಂತ, ಚಿಕಿತ್ಸೆ ವಾಸಿ ಮಾಡಲೋ ಹಿಡಿತದಲ್ಲಿಡಲೋ, ಎಷ್ಟು ತಿಂಗಳು, ಯೋಜನೆಯಲ್ಲಿ ಎಷ್ಟು ಸಿಗುತ್ತದೆ, ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಓದು ಬಲ್ಲ ಒಬ್ಬರು ಒಂದು ದಿನದ ಕೆಲಸ ಬಿಟ್ಟು ಜೊತೆಗೆ ಹೋದರೆ, ಒಂದು ಮನೆ ತಿಂಗಳುಗಟ್ಟಲೆ ದಾರಿ ತಪ್ಪುವುದನ್ನು ತಡೆಯಬಹುದು.